ನಟ್ಟನಡುವೆ ಕೂತದ್ದು

ಜೂನ್ ೪

ಅತ್ತೆಗೆ ನಮಸ್ಕಾರಗಳು.

‘ನಟ್ಟನಡುವೆ ಕೂತದ್ದು ಯಾರನ್ನೂ ಮುಟ್ಟುವುದಿಲ್ಲ.’ ಹೀಗೊಂದು ಸಾಲು ನಾಲ್ಕು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಮುಟ್ಟುವುದಿಲ್ಲವೋ, ಸೇರುವುದಿಲ್ಲವೋ? ಅದರ ಮುಂದೆ ಇನ್ನೂ ಏನೋ ಇತ್ತು, ಅದಂತೂ ಪೂರ್ತಿ ಅಳಿಸಿಹೋಗಿದೆ. ಯಾವ ಪದ್ಯದ್ದೆಂದು ನೆನಪಾಗುತ್ತಿಲ್ಲ. ನಿಜ ಹೇಳಬೇಕೆಂದರೆ ಆ ಮಾತನ್ನು ನಾನು ಒಪ್ಪುವುದೂ ಇಲ್ಲ. ನಡುವೆ ಕೂತವರಿಗಲ್ಲವೇ ಸುತ್ತಲೂ ಜನ? ಮೂಲೆಯಲ್ಲಿ ಕೂತವರಿಗೆ ಎರಡು ಕಡೆ ಬರೀ ಗೋಡೆ. ಇಂಥದ್ದನ್ನೆಲ್ಲ ಬರೆದರೆ ನೀವು “ಶುರುವಾಯ್ತು ಪುಸ್ತಕದಮ್ಮನ ಪುರಾಣ” ಅನ್ನುತ್ತೀರಿ. ಆದರೂ ಬರೆದೆ. ಇಲ್ಲಿ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಫೋನಿನಲ್ಲಿ ನನ್ನ ಮಾತು ನಿಮಗೆ ಅರ್ಧವೇ ಕೇಳುತ್ತದೆ. ಐವತ್ತು ವರ್ಷ ಹೊಲಿಗೆ ಮೆಷಿನ್ನಿನ ಸದ್ದು ಕುಡಿದ ಕಿವಿ ಅಂತ ನೀವೇ ಹೇಳಿದಿರಿ. ಹಾಗಾಗಿ ಇನ್ನು ಕಾಗದವೇ ಸರಿ. ಕಾಲೇಜಿನ ಲೈಬ್ರರಿಯ ಕೆಲಸ ಒಗ್ಗಿದೆ. ಕೋಣೆ ಮೂರನೆಯ ಮಹಡಿಯಲ್ಲಿದೆ. ಒಂದು ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ನೀರಿನ ಪೈಪುಗಳು. ಬೆಳಗ್ಗೆ ಹತ್ತು ನಿಮಿಷ ಆ ಪೈಪುಗಳ ಮೇಲೆ ಬಿಸಿಲು ಬೀಳುತ್ತದೆ.

ಅವರು ಮೊಲ ಅಂತ ಕರೆಯುತ್ತಿದ್ದ ಬಿಳಿ ಕಳ್ಳಿ ಹೇಗಿದೆ? ನನಗೆ ಅದರದೇ ಚಿಂತೆ. ಅಂಗಡಿಗಳಲ್ಲಿ ಕೆಂಪು, ಹಳದಿ ಗುಂಡುಕಳ್ಳಿಗಳು ಬೇಕಾದಷ್ಟು ಸಿಗುತ್ತವೆ, ಹಾಲಿನಂಥ ಬಿಳಿಯದು ಮಾತ್ರ ನಮ್ಮಲ್ಲಿ ಒಂದೇ. ಸಾವಿರ ಬೀಜ ಬಿತ್ತಿದಾಗ ಹಸಿರಿನ ಸುಳಿವೇ ಇಲ್ಲದೆ ಮೊಳೆತದ್ದು ಅದೊಂದೇ. ಹಸಿರಿಲ್ಲದ ಮೇಲೆ ತನ್ನ ಊಟ ತಾನು ಮಾಡಿಕೊಳ್ಳಲಾರದು. ಬೀಜದೊಳಗಿನ ಬುತ್ತಿ ತೀರಿದ ದಿನ ಸಾಯಬೇಕಿದ್ದದ್ದನ್ನು ನಿಮ್ಮ ಮಗ ಹಸಿರು ಕಳ್ಳಿಯ ತಲೆ ಕತ್ತರಿಸಿ ಅದರ ಮೇಲೆ ಕೂರಿಸಿದರು. ಆರು ವರ್ಷದಲ್ಲಿ ಒಮ್ಮೆ ಬುಡ ಬದಲಾಯಿಸಿದ್ದಾರೆ. ಎರಡನೆಯ ಬುಡಕ್ಕೆ ಈಗ ವಯಸ್ಸಾಗಿರಬೇಕು. ಅದು ಸೋತರೆ ಮೊಲವೂ ಹೋಗುತ್ತದೆ. ಅವರು ಹೋಗಿ ಹತ್ತು ತಿಂಗಳು. ಅವರು ಮಾಡಿದ್ದರಲ್ಲಿ ಬೇರೆಲ್ಲೂ ಇಲ್ಲದ್ದು ಇದೊಂದು.

ಅವರು ಹೇಳಿ ನಾನು ಬರೆದುಕೊಂಡಿದ್ದ ಹಳೆಯ ನೋಟ್‌ಬುಕ್ಕಿನಿಂದ ಕಸಿಯ ಕ್ರಮವನ್ನು ಬೇರೆ ಹಾಳೆಗೆ ಇಳಿಸಿ ಕಳಿಸಿದ್ದೇನೆ. ಮಾತು ನನ್ನ ಹತ್ತಿರ ಇದೆ, ಕೈ ನಿಮ್ಮದು. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಮೂರು ಏಣಿನ ಹಸಿರು ಕಳ್ಳಿಯ ತಲೆಯನ್ನು ಒಂದೇ ಎಳೆತಕ್ಕೆ ಮಟ್ಟಸವಾಗಿ ಕತ್ತರಿಸಿ. ಏಣುಗಳ ತುದಿ ಸವರಿ. ಮೊಲದ ಮೈಯಲ್ಲಿ ಮೂಡಿದ ಬಿಳಿ ಮರಿಯ ತಳ ಕತ್ತರಿಸಿ ತಕ್ಷಣ ಕೂರಿಸಿ ಕಟ್ಟಿ. ಗಾಯದ ಮೇಲೆ ನೀರು ಬೀಳಬಾರದು. ನೆರಳಿನಲ್ಲಿಡಿ.

ನಿಮ್ಮ ಸೊಸೆ

ಜೂನ್ ೧೫

ಪುಸ್ತಕದಮ್ಮನಿಗೆ ಆಶೀರ್ವಾದ.

ನಿನ್ನ ಸಾಲು ಓದಿದೆ. ಕೋಣೆಯ ನಡುವೆ ಕೂತರೆ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು.

ಮೊಲದ ಬುಡ ಹಳದಿಗೆ ತಿರುಗಿದೆ. ಒತ್ತಿದರೆ ಹಳೆಯ ಸೌತೆಕಾಯಿಯ ಹಾಗೆ ಬೆರಳು ಇಳಿಯುತ್ತದೆ. ಮೊಲ ಮಾತ್ರ ತನಗೇನೂ ಆಗಿಲ್ಲವೆಂಬಂತೆ ಮೇಲೆ ಕೂತಿದೆ. ಮೈಮೇಲೆ ನಾಲ್ಕು ಮರಿ, ಒಂದೊಂದೂ ಕೋಟಿನ ಗುಂಡಿಯಷ್ಟು. ನಿನ್ನ ಹಾಳೆ ಬಂದ ಮರುದಿನವೇ ಒಂದು ಮರಿ ತೆಗೆದೆ. ನನ್ನ ಕತ್ತರಿಕೆ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ, ಕಾಲರಿನ ಬಟ್ಟೆ ಕತ್ತರಿಸಿದ ಹಾಗೆ, ಒಂದೇ ಸಲ. ಆಮೇಲೆ ಟೇಪು ಹಿಡಿದೆ. ಮೂರು ಏಣಿನಿಂದಲೂ ಅಳೆದು ಸರಿಯಾಗಿ ಮಧ್ಯಕ್ಕೆ ಕೂರಿಸಿದ್ದೇನೆ. ಒಂದು ನೂಲಿನ ವ್ಯತ್ಯಾಸವಿಲ್ಲ. ಅವನು ಕಟ್ಟುತ್ತಿದ್ದ ರಬ್ಬರ್ ಬ್ಯಾಂಡ್ ನನಗೆ ಸರಿಬರುವುದಿಲ್ಲ, ಎಲಾಸ್ಟಿಕ್ಕಿನ ತುಂಡು ಹಾಕಿ ಬಿಗಿದೆ.

ಎದುರುಮನೆ ಕಂಡಕ್ಟರು ಬಂದು ನೋಡಿದರು. ಬಸ್ಸಿನಿಂದ ರಿಟೈರಾಗಿ ಒಂಬತ್ತು ವರ್ಷವಾದರೂ ಹೆಗಲಿನ ಚೀಲ ಇಳಿಸಿಲ್ಲ, ಗೊತ್ತಲ್ಲ. “ಏನ್ರೀ ಟೈಲರಮ್ಮ, ಹತ್ತಿಸ್ಕೊಂಡಾಯ್ತಾ? ರೈಟ್ ಅನ್ಲಾ?” ಅಂದರು. “ಇರ್ರೀ, ಇನ್ನೂ ಮೂರು ಜನ ಇದಾರೆ” ಅಂದೆ. “ಹಾಗಾದ್ರೆ ಕಾಯೋಣ, ನನಗೇನು ಟೈಮಿಗೆ ಬರ ಇಲ್ಲ” ಅಂತ ಅರ್ಧ ಗಂಟೆ ಕೂತು ಚಹಾ ಕುಡಿದು ಹೋದರು.

ಇನ್ನೊಂದು ಮಾತು. ನೀನು ಕಳಿಸಿದ್ದು ಹಳೆಯ ನೋಟ್‌ಬುಕ್ಕಿನದು. ಆಗ ಅವನು ಕಸಿ ಮಾಡುತ್ತಿದ್ದದ್ದು ದೊಡ್ಡ ಮರಿಗಳನ್ನು. ಇಷ್ಟು ಚಿಕ್ಕದಕ್ಕೆ ಏನಾದರೂ ಬೇರೆ ಹೇಳಿರಬಹುದು. ಆಸ್ಪತ್ರೆಯಲ್ಲಿ ಕೊನೆಯ ಆರು ದಿನ ಅವನು ಹೇಳುತ್ತಲೇ ಇದ್ದ, ನೀನು ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಇದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆ ಪುಟಗಳನ್ನೂ ಕಳಿಸು.

ಅತ್ತೆ

ಜೂನ್ ೨೭

ಅತ್ತೆಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಎಲಾಸ್ಟಿಕ್ಕಿನ ವಿಷಯ ಓದಿ ಒಬ್ಬಳೇ ನಕ್ಕೆ. ಅವರಿದ್ದಿದ್ದರೆ “ಅಮ್ಮಾ, ಇದು ಚಡ್ಡಿ ಅಲ್ಲ” ಅನ್ನುತ್ತಿದ್ದರು.

ಆ ಸಾಲನ್ನು ಹುಡುಕುತ್ತಿದ್ದೇನೆ. ಪದ್ಯದ ಕಪಾಟು ಮೂರು ಅಡ್ಡಪಟ್ಟಿಯಷ್ಟಿದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದೊಂದೇ ಪುಸ್ತಕ ತೆಗೆದು ನೋಡುತ್ತೇನೆ. ಎರಡು ಅಡ್ಡಪಟ್ಟಿ ಮುಗಿಯಿತು. ನಡುವೆ ಕೂತವರು ಪದ್ಯಗಳಲ್ಲಿ ಬೇಕಾದಷ್ಟು ಜನ ಸಿಕ್ಕರು. ಯಾರನ್ನೂ ಮುಟ್ಟದವರು ಸಿಗಲಿಲ್ಲ. ಕೆಲವು ಸಾಲುಗಳು ಹಾಗೆಯೇ, ಓದಿದ್ದು ಎಲ್ಲಿ ಅಂತ ತಿಳಿಯುವುದಿಲ್ಲ, ಯಾರ ಸ್ವರದಲ್ಲಿ ಕೇಳಿದ್ದು ಅಂತಲೂ ತಿಳಿಯುವುದಿಲ್ಲ, ಆದರೆ ಎದೆಯಲ್ಲಿ ಬೆಳೆಯುತ್ತಿರುತ್ತವೆ.

ಕಪ್ಪು ರಟ್ಟಿನ ಪುಸ್ತಕ ಟ್ರಂಕಿನ ತಳದಲ್ಲೆಲ್ಲೋ ಇದೆ. ಸಾಮಾನು ಪೂರ್ತಿ ಬಿಚ್ಚಿಲ್ಲ. ಸಿಕ್ಕರೆ ಕಳಿಸುತ್ತೇನೆ. ಅಷ್ಟರಲ್ಲಿ ಹಳೆಯ ಕ್ರಮವೇ ಸಾಕು, ಅದು ಪಕ್ಕಾ ಇದೆ.

ನಿಮ್ಮ ಸೊಸೆ

ಜುಲೈ ೨೦

ಪುಸ್ತಕದಮ್ಮನಿಗೆ,

ಮೊದಲ ಮರಿ ಹಿಡಿದಿದೆ! ಮೂವತ್ತೈದು ದಿನವಾಯಿತು. ಕೂರಿಸಿದ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ, ಒಂದು ಸುಕ್ಕಿಲ್ಲ. ಎಲಾಸ್ಟಿಕ್ ಬಿಚ್ಚಿದೆ, ಆದರೂ ಅಲ್ಲಾಡದೆ ಕೂತಿದೆ. ಆ ಧೈರ್ಯದ ಮೇಲೆ ಎರಡನೆಯದನ್ನೂ ಹೋದ ವಾರ ಕೂರಿಸಿದೆ. ಮತ್ತೆ ಟೇಪು ಹಿಡಿದು, ಸರಿಯಾಗಿ ಮಧ್ಯಕ್ಕೆ.

ನಿನ್ನ ಗಂಡ ಚಿಕ್ಕವನಿದ್ದಾಗ ಶರ್ಟಿನ ಗುಂಡಿಗಳನ್ನು ಕಿತ್ತು ನೆಲದಲ್ಲಿ ನೆಡುತ್ತಿದ್ದ. ಮೊಳೆಯುತ್ತವೆ ಅಂತ. ನಾನು ಬೈದರೆ “ನೀರು ಹಾಕು, ಆಮೇಲೆ ಬೈ” ಅನ್ನುತ್ತಿದ್ದ. ಈಗ ಅವನ ಕಳ್ಳಿಗಳ ಶೆಡ್ಡಿನಲ್ಲಿ ಈ ಬಿಳಿ ಗುಂಡಿಗಳನ್ನು ನೋಡುವಾಗ ಅದೇ ನೆನಪು.

ಟ್ರಂಕು ಇನ್ನೂ ಬಿಚ್ಚಿಲ್ಲವೇ? ನಿನ್ನದು ಒಂದೇ ಟ್ರಂಕು. ತುಂಬಿದವಳು ನಾನು. ಕಪ್ಪು ಪುಸ್ತಕವನ್ನು ಎಲ್ಲದರ ಮೇಲೆ, ನಿನ್ನ ಬೂದು ಸ್ವೆಟರಿನ ಮಡಿಕೆಯೊಳಗೆ ಇಟ್ಟಿದ್ದೆ. ಸ್ವೆಟರ್ ಹಾಕಿಕೊಂಡಿಲ್ಲವೇ? ಅಲ್ಲಿ ಚಳಿ ಅಂತ ಫೋನಿನಲ್ಲಿ ಹೇಳಿದ್ದೆಯಲ್ಲ.

ಅತ್ತೆ

ಆಗಸ್ಟ್ ೨

ಅತ್ತೆಗೆ ನಮಸ್ಕಾರಗಳು.

ಮರಿ ಹಿಡಿದದ್ದು ಸಂತೋಷ. ನಾಡಿದ್ದಿಗೆ ಒಂದು ವರ್ಷವಾಗುತ್ತದೆ. ರಜೆ ಕೇಳಲಿಲ್ಲ. ಬಂದು ಏನು ಮಾಡಲಿ?

ಪುಸ್ತಕ ಪುಸ್ತಕ ಅಂತ ಪ್ರತಿ ಕಾಗದದಲ್ಲೂ ಕೇಳಬೇಡಿ. ಅದು ನನಗೆ ಅವರು ಹೇಳಿದ್ದು. ಆ ಆರು ದಿನ ಪಕ್ಕದಲ್ಲಿ ಕೂತಿದ್ದವಳು ನಾನು. ಕೊನೆಯ ಮಧ್ಯಾಹ್ನ ನೀವು ಯಾಕೆ ಬರಲಿಲ್ಲ ಅಂತ ನಾನು ಯಾವತ್ತೂ ಕೇಳಿಲ್ಲ, ಕೇಳುವುದೂ ಇಲ್ಲ. ನೀವೂ ನನ್ನನ್ನು ಕೇಳಬೇಡಿ.

ನಿಮ್ಮ ಸೊಸೆ

ಆಗಸ್ಟ್ ೨೧

ನಿನ್ನ ಕಾಗದ ಬಂತು. ಇಲ್ಲಿ ಎಲ್ಲ ಚೆನ್ನಾಗಿದೆ. ಮೂರನೆಯ ಮರಿ ಕೂರಿಸಿದೆ. ಯಾಕೆ ಅಂತ ಕೇಳಬೇಡ.

ಶಾಲೆಯ ಯೂನಿಫಾರ್ಮಿನ ಕೆಲಸ ತುಂಬ ಇದೆ. ಹೆಚ್ಚು ಬರೆಯಲು ಬಿಡುವಿಲ್ಲ.

ಅತ್ತೆ

ಸೆಪ್ಟೆಂಬರ್ ೫

ಅತ್ತೆಗೆ ನಮಸ್ಕಾರಗಳು.

ಹೋದ ಕಾಗದದಲ್ಲಿ ಹಾಗೆ ಬರೆಯಬಾರದಿತ್ತು. ಅಂಚೆಡಬ್ಬಿಗೆ ಹಾಕಿದ ಕೂಡಲೇ ಕೈ ಒಳಗೆ ತೂರಿಸಿ ತೆಗೆಯೋಣವೆನ್ನಿಸಿತು. ಬಾಯಿ ಅಷ್ಟು ದೊಡ್ಡದಿರಲಿಲ್ಲ, ಡಬ್ಬಿಯದು. ನನ್ನದು ಇತ್ತು.

ಎಲ್ಲ ಚೆನ್ನಾಗಿದ್ದರೆ ಮೂರನೆಯದನ್ನು ಯಾಕೆ ಕತ್ತರಿಸಿದಿರಿ? ಮೊದಲೆರಡು ಹೇಗಿವೆ? ಮೊಲದ ಬುಡ ಎಷ್ಟು ಉಳಿದಿದೆ? ಒಂದು ಸಾಲು ಬರೆದರೂ ಸಾಕು.

ನಿಮ್ಮ ಸೊಸೆ

ಸೆಪ್ಟೆಂಬರ್ ೨೨

ಅತ್ತೆ,

ಹದಿನೇಳು ದಿನವಾಯಿತು. ಅಂಚೆಯವರು ಬರುವ ಹೊತ್ತಿಗೆ ಲೈಬ್ರರಿಯ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಅವರು ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ. ಬೈದಾದರೂ ಬರೆಯಿರಿ.

ನಿಮ್ಮ ಸೊಸೆ

ಅಕ್ಟೋಬರ್ ೩

ಪುಸ್ತಕದಮ್ಮ,

ಬೈಯುವುದಿಲ್ಲ. ಇದ್ದದ್ದನ್ನು ಹೇಳುತ್ತೇನೆ. ಮೂರೂ ಮರಿ ಸತ್ತವು.

ಮೊದಲನೆಯದು ಹಿಡಿದಿದೆ ಅಂತ ಬರೆದೆನಲ್ಲ, ಅದು ಹಿಡಿದೇ ಇರಲಿಲ್ಲ. ಒಳಗಿನ ನೀರಿನಲ್ಲೇ ಅಷ್ಟು ದಿನ ತಾಳಿಕೊಂಡು ಚೆನ್ನಾಗಿರುವ ಹಾಗೆ ಕಾಣಿಸಿಕೊಂಡಿತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಸುಕ್ಕು. ಎರಡು ಬೆರಳಲ್ಲಿ ಹಿಡಿದೆ, ಡಬ್ಬಿಯ ಮುಚ್ಚಳದ ಹಾಗೆ ಮೇಲೆ ಬಂತು. ಹೆದರಿ ಎರಡನೆಯದನ್ನು ಮುಟ್ಟಿದೆ, ಅದೂ ಮುಚ್ಚಳ. ನಿನಗೆ ಬರೆಯಲು ಕೈ ಬರಲಿಲ್ಲ. ಮೂರನೆಯದು ಹಿಡಿದ ಮೇಲೆ ಒಟ್ಟಿಗೆ ಹೇಳೋಣ ಅಂದುಕೊಂಡೆ. ಅದು ಮೊನ್ನೆ ಹೋಯಿತು. ಕಂಡಕ್ಟರು ಬಾಗಿಲಲ್ಲಿ ನಿಂತು “ಇವರೂ ಇಳಿದ್ರಾ?” ಅಂದರು. ಬೇರೆ ದಿನವಾದರೆ ನಗುತ್ತಿದ್ದೆ. ನನ್ನ ಮುಖ ನೋಡಿ ಅವರೂ ಚೀಲ ಸರಿಮಾಡಿಕೊಂಡು ಹೋದರು.

ನಾನು ಎಲ್ಲಿ ತಪ್ಪಿದೆ? ಭೂತಗನ್ನಡಿ ಹಿಡಿದು ನೋಡಿದೆ. ಎರಡು ಕಡೆಯ ಕತ್ತರಿಕೆಯೂ ಗಾಜಿನ ಹಾಗೆ ನಯವಾಗಿದೆ. ಹಸಿರು ಕಳ್ಳಿಯ ಗಾಯದ ನಡುವೆ ಒಂದು ಉಂಗುರ ಇರುತ್ತದೆ ನೋಡು, ದೊಡ್ಡದು. ಮರಿಯ ತಳದಲ್ಲೂ ಒಂದು ಉಂಗುರ, ಹೆಸರುಕಾಳಿನಷ್ಟು. ನಾನು ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದರಿಂದ ದೊಡ್ಡ ಉಂಗುರದೊಳಗೆ ಚಿಕ್ಕ ಉಂಗುರ ಕೂತ ಗುರುತು ಬಿದ್ದಿದೆ, ತಟ್ಟೆಯಲ್ಲಿಟ್ಟ ಗುಂಡಿಯ ಹಾಗೆ, ಸುತ್ತಲೂ ಸಮ ಜಾಗ, ಎಲ್ಲೂ ತಾಗಿಲ್ಲ. ಎಷ್ಟು ಚೆಂದ ಕೂತಿತ್ತು ಅಂತ ನೋಡಿ ನೋಡಿ ಅತ್ತುಬಿಟ್ಟೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದು ಯಾಕೆ ಸಾಯಬೇಕು?

ಮೊಲದ ಬುಡ ಒಂದು ಕಡೆ ಪೂರ್ತಿ ಕೊಳೆತಿದೆ. ಕಡ್ಡಿ ಕೊಟ್ಟು ನಿಲ್ಲಿಸಿದ್ದೇನೆ. ಮೈಮೇಲೆ ಒಂದೇ ಮರಿ. ಅದೂ ಹೋದರೆ ಅವನ ಬಿಳಿ ಮುಗಿಯಿತು. ಇನ್ನು ಹತ್ತು ಸಾವಿರ ಬೀಜ ಬಿತ್ತಿದರೂ ಬರುವುದು ಬೇರೆ ಯಾವುದೋ.

ಈಗ ನೇರವಾಗಿ ಕೇಳುತ್ತೇನೆ. ಆ ಪುಟಗಳಲ್ಲಿ ನನ್ನ ಬಗ್ಗೆ ಏನಾದರೂ ಇದೆಯೇ? ಅಮ್ಮ ಬರಲಿಲ್ಲ ಅಂತ ಅವನು ಬೇಜಾರು ಮಾಡಿಕೊಂಡು ಹೇಳಿದ್ದನ್ನು ನೀನು ಬರೆದಿದ್ದೀಯಾ? ಅದಕ್ಕೇ ಮುಚ್ಚಿಡುತ್ತಿದ್ದೀಯ ಅಂತ ನನಗೆ ಅನ್ನಿಸಿದೆ. ಇದ್ದರೆ ಇರಲಿ. ಹೆತ್ತ ಮಗ ಹೇಳಿದ್ದನ್ನು ನುಂಗಿಕೊಳ್ಳುತ್ತೇನೆ. ಕಳಿಸು.

ಅತ್ತೆ

ಅಕ್ಟೋಬರ್ ೯

ಅತ್ತೆ,

ಮೊದಲು ಕೆಲಸದ ಮಾತು. ಕೊನೆಯ ಮರಿಯನ್ನು ಮಧ್ಯಕ್ಕೆ ಇಡಬೇಡಿ. ಬದಿಗೆ ಸರಿಸಿ. ಚಿಕ್ಕ ಉಂಗುರದ ಗೆರೆ ದೊಡ್ಡ ಉಂಗುರದ ಗೆರೆಯನ್ನು ದಾಟಬೇಕು. ಒಂದೇ ಒಂದು ಕಡೆ ದಾಟಿದರೂ ಸಾಕು. ಆ ಗೆರೆಯಲ್ಲೇ ಊಟ ಓಡಾಡುವುದು. ಸೊಟ್ಟ ಕಾಣುತ್ತದೆ. ಕಾಣಲಿ. ಟೇಪು ಮುಟ್ಟಬೇಡಿ.

ನಿಮ್ಮ ಕಾಗದವನ್ನು ಲೈಬ್ರರಿಯ ಮೆಟ್ಟಿಲ ಮೇಲೆಯೇ ಓದಿದೆ. ‘ಸುತ್ತಲೂ ಸಮ ಜಾಗ, ಎಲ್ಲೂ ತಾಗಿಲ್ಲ’ ಅನ್ನುವಲ್ಲಿಗೆ ಬಂದಾಗ ಅಲ್ಲೇ ಕೂತು ಆ ಸಾಲನ್ನೇ ಮತ್ತೆ ಓದಿದೆ. ನಾಲ್ಕು ತಿಂಗಳಿಂದ ನಾನು ಹುಡುಕುತ್ತಿದ್ದ ಸಾಲು ಯಾವ ಪದ್ಯದ್ದೂ ಅಲ್ಲ. ಅದು ಅವರು ಹೇಳಿದ್ದು. ಆಸ್ಪತ್ರೆಯಲ್ಲಿ, ಕೊನೆಯ ಮಧ್ಯಾಹ್ನ. “ನಟ್ಟನಡುವೆ ಕೂತದ್ದು ಯಾರನ್ನೂ ಮುಟ್ಟೋದಿಲ್ಲ ಕಣೇ. ಮರಿ ಚಿಕ್ಕದಿದ್ರೆ ಬದಿಗೆ ಸರಿಸ್ಬೇಕು. ನೋಡೋಕೆ ಸೊಟ್ಟ ಇರುತ್ತೆ, ಅಮ್ಮ ಒಪ್ಪೋದಿಲ್ಲ. ಟೇಪು ತಗೊಂಡು ಬರ್ತಾಳೆ. ಅವಳಿಗೆ ನೀನೇ ಹೇಳ್ಬೇಕು.” ಹೀಗೆಂದು ನಕ್ಕರು, ಕೆಮ್ಮು ಬಂತು, ನಾನು ನೀರು ಕುಡಿಸಿದೆ. ಇವಿಷ್ಟೂ ಈಗ ನೆನಪಾಗುತ್ತಿದೆ. ಮೂರು ಮರಿ ಸತ್ತ ಮೇಲೆ.

ಯಾಕೆ ಮರೆತೆ ಅಂತ ಹೇಳಬೇಕು. ಆ ಪುಸ್ತಕದಲ್ಲಿ ಏನೂ ಇಲ್ಲ.

ಮೊದಲ ದಿನ ಒಂದು ಪುಟ ಬರೆದೆ. ಮಣ್ಣು, ಮರಳು, ಬ್ಲೇಡು. ಎರಡನೆಯ ದಿನವೂ ಅದೇ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದು ಇನ್ನು ಹೆಚ್ಚು ದಿನವಿಲ್ಲ ಅಂದರು. ಒಳಗೆ ಬಂದರೆ ಅವರು ಬುಡದ ಕಳ್ಳಿಗೆ ಗೊಬ್ಬರ ಯಾವಾಗ ಹಾಕಬೇಕು ಅಂತ ಶುರು ಮಾಡಿದರು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಪಕ್ಕದಲ್ಲಿ ಕೂತಿದ್ದೇನೆ. ನನ್ನ ಬಗ್ಗೆ ಒಂದು ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಸಿಟ್ಟು ಬಂತು, ಅತ್ತೆ. ಸಾಯುವವರ ಮೇಲೆ ಅಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಆವತ್ತಿನಿಂದ ಬರೆಯುವ ಹಾಗೆ ನಟಿಸಿದೆ. ಮಲಗಿದಲ್ಲಿಂದ ಅವರಿಗೆ ಪುಟ ಕಾಣುತ್ತಿರಲಿಲ್ಲ, ಪೆನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಅದಕ್ಕೆ ಪೆನ್ನು ಓಡಿಸಿದೆ. ಬರೀ ಗೆರೆ. ನಾಲ್ಕು ದಿನ, ನಲವತ್ತೊಂದು ಪುಟ, ಒಂದು ಅಕ್ಷರವಿಲ್ಲ. “ಬರೆದ್ಯಾ?” ಅನ್ನುತ್ತಿದ್ದರು. “ಬರೆದೆ” ಅನ್ನುತ್ತಿದ್ದೆ.

ನಿಮ್ಮ ಮೇಲೆ ಯಾವ ದೂರೂ ಇರಲಿಲ್ಲ. ನಿಮ್ಮ ಬಗ್ಗೆ ಅವರು ಆಡಿದ್ದು ಆ ಟೇಪಿನ ಮಾತು ಒಂದೇ. ನನ್ನ ಬಗ್ಗೆ ಅದೂ ಇಲ್ಲ.

ಪುಸ್ತಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ನೀವೇ ನೋಡಿ. ಆಮೇಲೆ ಒಲೆಗೆ ಹಾಕಿ.

ನಿಮ್ಮ ಸೊಸೆ

ಡಿಸೆಂಬರ್ ೨

ಮಗಳೇ,

ತಡವಾಯಿತು. ನಿಶ್ಚಯವಾಗಿ ಹೇಳುವಂಥದ್ದು ಏನಾದರೂ ಕೈಗೆ ಬರಲಿ ಅಂತ ಕಾದೆ. ಹೋದ ಸಲ ಅವಸರದಲ್ಲಿ ಹಿಡಿದಿದೆ ಅಂತ ಬರೆದು ಕೆಟ್ಟೆ.

ನಿನ್ನ ಕಾಗದ ಬರುವ ಎರಡು ದಿನ ಮೊದಲೇ ಮೊಲ ಬಿತ್ತು. ಬೆಳಿಗ್ಗೆ ಶೆಡ್ಡಿಗೆ ಹೋದರೆ ಕಡ್ಡಿ ನಿಂತಿದೆ, ಮೊಲ ನೆಲದಲ್ಲಿ ಮಗ್ಗುಲಾಗಿದೆ. ಬಿಳಿಯ ಮೈಯಲ್ಲಿ ಚಹಾ ಚೆಲ್ಲಿದಂಥ ಕಲೆ. ಬೇರೆ ದಾರಿಯಿರಲಿಲ್ಲ, ಕೊನೆಯ ಮರಿಯನ್ನು ಅವತ್ತೇ ತೆಗೆದು ಕೂರಿಸಿದೆ. ಮಧ್ಯಕ್ಕೆ. ನನಗೆ ಬೇರೆ ಬರುವುದಿಲ್ಲವಲ್ಲ. ಎರಡು ದಿನದ ಮೇಲೆ ನಿನ್ನ ಕಾಗದದ ಮೊದಲ ಸಾಲುಗಳನ್ನು ಓದಿ, ಉಳಿದದ್ದನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಶೆಡ್ಡಿಗೆ ಓಡಿದೆ. ಎಲಾಸ್ಟಿಕ್ ಕತ್ತರಿಸಿ ಮರಿಯನ್ನು ಎತ್ತಿ, ತಳವನ್ನು ಮತ್ತೆ ಸವರಿದೆ. ಅಂಗಿಯ ಗುಂಡಿಯಷ್ಟು ತೆಳ್ಳಗಾಯಿತು. ಇನ್ನೊಂದು ಸಲ ಸವರಲು ಅದರಲ್ಲಿ ಏನೂ ಉಳಿದಿಲ್ಲ. ಹಸಿರು ಕಳ್ಳಿಯನ್ನೂ ಒಂದು ಪದರ ಕತ್ತರಿಸಿ, ಉಂಗುರದ ಗೆರೆಯ ಮೇಲೆ ಮರಿಯನ್ನು ಇಟ್ಟೆ. ಕೈ ತಾನಾಗಿ ಮಧ್ಯಕ್ಕೆ ಎಳೆಯುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ ಅಂದರೆ ನಗಬೇಡ.

ಆಮೇಲೆ ಕೈ ತೊಳೆದು ಬಂದು ನಿನ್ನ ಕಾಗದದ ಉಳಿದದ್ದನ್ನು ಓದಿದೆ.

ಆ ಪುಸ್ತಕವನ್ನು ಒಲೆಗೆ ಹಾಕಲಿಲ್ಲ. ದಿನಾ ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಒಂದು ಪುಟ ನೋಡುತ್ತೇನೆ. ಏನೂ ಇಲ್ಲ ಅಂತ ಬರೆದಿದ್ದೀಯ. ನಾನು ಅಕ್ಷರಕ್ಕಿಂತ ಗೆರೆಯನ್ನು ಹೆಚ್ಚು ಓದಿದವಳು. ಹೊಲಿಗೆ ನೋಡಿದರೆ ಹೊಲಿದವಳು ಎಲ್ಲಿ ನಿಲ್ಲಿಸಿದಳು, ಎಲ್ಲಿ ಆಕಳಿಸಿದಳು ಅಂತ ಹೇಳಬಲ್ಲೆ. ಅವನು ಮಾತಾಡುವಾಗ ನಿನ್ನ ಗೆರೆ ಓಡಿದೆ. ಅವನು ನಿಂತಲ್ಲಿ ನಿಂತಿದೆ. ಮೊದಲ ಪುಟಗಳಲ್ಲಿ ಗೆರೆ ಉದ್ದುದ್ದ, ಹೋಗುತ್ತಾ ಹೋಗುತ್ತಾ ತುಂಡು ತುಂಡು, ನಡುವೆ ಬಿಳಿ ಜಾಗ. ಅದು ಅವನು ಉಸಿರು ಎಳೆದುಕೊಂಡ ಜಾಗ. ನಾನು ಬೆರಳಿಟ್ಟು ನೋಡಿದೆ. ಕೊನೆಯ ಪುಟಕ್ಕಿಂತ ಹಿಂದಿನದರಲ್ಲಿ ಒಂದು ಕಡೆ ಗೆರೆ ಕುಲುಕಿ, ಆಮೇಲೆ ತಟ್ಟನೆ ನಿಂತು, ಒಂದು ಹನಿ ನೀರು ಬಿದ್ದು ಶಾಯಿ ಹರಡಿದೆ. ನೀನು ನೀರು ಕುಡಿಸಿದ್ದು ಅಲ್ಲಿ. ಅಲ್ಲೇ ಅವನು ನನ್ನ ಟೇಪಿನ ಮಾತು ಹೇಳಿ ನಕ್ಕದ್ದು. ನೀನು ಬರೆಯಲಿಲ್ಲ ಅನ್ನಬೇಡ. ಅವನು ಏನು ಹೇಳಿದ ಅಂತ ಅದರಲ್ಲಿ ಇಲ್ಲ, ನಿಜ. ಎಷ್ಟು ಕಷ್ಟಪಟ್ಟು ಹೇಳಿದ ಅಂತ ಇದೆ.

ನಿನ್ನ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ ಅಂತ ಬರೆದಿದ್ದೀಯ. ನನಗೆ ಏನಾದರೂ ಗೊತ್ತಿದ್ದರೆ ಹೇಳುತ್ತಿದ್ದೆ. ಇಲ್ಲ. ನಿನಗೆ ಸಮಾಧಾನವಾಗಲಿ ಅಂತ ಸುಳ್ಳು ಕಟ್ಟಲಾರೆ. ಅವನು ಹಾಗೇ ಇದ್ದ. ನನಗೂ ಹಾಗೇ ಇದ್ದ.

ಈಗ ನನ್ನದು. ಆ ಮಧ್ಯಾಹ್ನ ನಾನು ಮನೆಯಲ್ಲಿ ಗಿಡಗಳಿಗೆ ನೆರಳು ಕಟ್ಟುತ್ತಿದ್ದೆ ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ನಾನು ಆಸ್ಪತ್ರೆಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದೆ. ಹನ್ನೊಂದು ಗಂಟೆಗೆ ಬಂದವಳು ನಾಲ್ಕರವರೆಗೆ. ಲಿಫ್ಟಿನ ಬಾಗಿಲು ತೆಗೆಯುತ್ತಿತ್ತು, ಮುಚ್ಚುತ್ತಿತ್ತು. ಪ್ರತಿ ಸಲ ಏಳುತ್ತಿದ್ದೆ, ಕೂರುತ್ತಿದ್ದೆ. ಮೇಲೆ ಬಂದರೆ ನೋಡಬೇಕಾಗುತ್ತದಲ್ಲ, ಅದು ಆಗಲಿಲ್ಲ. ನೀನು ಅವನ ಪಕ್ಕದಲ್ಲೇ ಇದ್ದೆ, ಮೈಯೆಲ್ಲ ಸಿಟ್ಟಾಗಿದ್ದರೂ ಎದ್ದು ಹೋಗಲಿಲ್ಲ. ನಾನು ನೆಲಮಹಡಿಯಲ್ಲಿ ಉಳಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನೀನು ಹೇಳಿದ್ದಕ್ಕೆ ಹೇಳಿದೆ.

ಮರಿ ಕೂರಿಸಿ ನಲವತ್ತೇಳು ದಿನ. ಮೊನ್ನೆಯವರೆಗೂ ಮುಟ್ಟಲಿಲ್ಲ. ಸುಕ್ಕು ಬಂದಿತ್ತು, ನನಗೆ ಆಸೆ ಹೋಗಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಸುಕ್ಕು ಬಿಚ್ಚಿಕೊಂಡಿದೆ, ತೊಟ್ಟ ಅಂಗಿ ಮೈಗೆ ಸರಿಯಾದ ಹಾಗೆ. ತುದಿಯಲ್ಲಿ ಎರಡು ಹೊಸ ಮುಳ್ಳು, ಮೀಸೆ ಚಿಗುರಿದಷ್ಟು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿದೆ. ಬರಲಿಲ್ಲ. ಇನ್ನೊಂದು ಚೂರು ಎತ್ತಿದೆ. ಕುಂಡ ಅಲ್ಲಾಡಿತು, ಮರಿ ಬರಲಿಲ್ಲ.

ಮೊಲದ ಹಾಗೆ ಚೆಂದವಿಲ್ಲ ಇದು. ಒಂದು ಅಂಚಿನಲ್ಲಿ ನೇತುಬಿದ್ದ ಹಾಗಿದೆ, ಕಣ್ಣಿಗೆ ಹಿಂಸೆ. ಮೂರು ವರ್ಷಕ್ಕೆ ಈ ಬುಡವೂ ಮೆತ್ತಗಾಗುತ್ತದೆ, ಮತ್ತೆ ಹೊಸ ಬುಡಕ್ಕೆ ಕೂರಿಸಬೇಕು. ಆಗ ನನ್ನ ಕೈಯನ್ನು ನಂಬಬೇಡ. ಈಗಲೇ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕು. ರಜೆಯಲ್ಲಿ ಬಂದು ಕಲಿತುಕೋ. ಮಾತು ನಿನ್ನದು, ಕೈ ನನ್ನದು ಅಂತ ಬರೆದಿದ್ದೆಯಲ್ಲ, ಇನ್ನು ಎರಡೂ ನಿನ್ನವೇ ಆಗಬೇಕು.

ಇವತ್ತು ಬೆಳಿಗ್ಗೆ ಕುಂಡವನ್ನು ಬಾಗಿಲ ಹತ್ತಿರ ಬೆಳಕಿಗೆ ತಂದಿಟ್ಟಿದ್ದೆ. ಕಂಡಕ್ಟರು ಬಂದರು. ಮೂರು ಸಲ ಇಳಿದವರನ್ನು ಕಂಡಿದ್ದರಲ್ಲ, ಒಳಗೆ ಬರಲು ಹೆದರಿ ಬಾಗಿಲಲ್ಲೇ ನಿಂತರು. “ಬದುಕಿದೆ ಕಣ್ರೀ” ಅಂದೆ. ಚೀಲ ಹಿಂದಕ್ಕೆ ತಳ್ಳಿ ಬಗ್ಗಿ ನೋಡಿದರು. “ಇಷ್ಟು ಸೊಟ್ಟಗಿದೆ, ಬಿದ್ದು ಹೋದ್ರೆ ಅಂತ ಭಯ ನಂಗೆ” ಅಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಇನ್ನೊಮ್ಮೆ ನೋಡಿ ಹೇಳಿದರು:

“ಭಯ ಪಡ್ಬೇಡಿ, ಟೈಲರಮ್ಮ. ಮೂವತ್ತೊಂದು ವರ್ಷ ಬಸ್ಸಲ್ಲಿ ನೋಡಿದೀನಿ. ಮಧ್ಯ ಸೀಟಲ್ಲಿ ಕೂತೋರು ನಿದ್ದೆ ಮಾಡಿ ತಮ್ಮ ಸ್ಟಾಪೇ ಬಿಟ್ಬಿಡ್ತಾರೆ. ಬಾಗಿಲಲ್ಲಿ ನೇತಾಡ್ಕೊಂಡು ಬರೋರೇ ಗಟ್ಟಿಯಾಗಿ ಹಿಡ್ಕೊಂಡಿರೋದು.”